ಯುದ್ಧದ ಖರ್ಚು ಯಾರ ಜೇಬಿನಿಂದ?

ಯುದ್ಧಕ್ಕೆ ಇಳಿದ ದೇಶದ ಮೇಲೆ ಬೇರೆ ದೇಶಗಳು ನಿರ್ಬಂಧ ಹಾಕಿದಾಗ, ಅಂದರೆ ಅದರ ವ್ಯಾಪಾರ, ಹಣದ ವಹಿವಾಟನ್ನು ತಡೆದಾಗ, ಅಲ್ಲಿನ ಆರ್ಥಿಕತೆ ಹೇಗೆ ನಡೆಯುತ್ತದೆ ಎಂದು ಹಿಂದೊಮ್ಮೆ ಆಡಿದ ಮಾತನ್ನೇ ಬರಹಕ್ಕೆ ಇಳಿಸಿದ್ದೇನೆ. ಆವತ್ತು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

2022ರ ಫೆಬ್ರವರಿ 28, ಸೋಮವಾರದಿಂದ ಶುರುಮಾಡೋಣ. ರಷ್ಯಾ ಉಕ್ರೇನ್ ಮೇಲೆ ನುಗ್ಗಿ ಅಂದಿಗೆ ಐದನೇ ದಿನ. ಆ ಬೆಳಗ್ಗೆ ರಷ್ಯಾದ ಕೇಂದ್ರ ಬ್ಯಾಂಕ್ ತನ್ನ ಬಡ್ಡಿದರವನ್ನು ಶೇ 9.5ರಿಂದ ಒಂದೇ ಏಟಿಗೆ ಶೇ 20ಕ್ಕೆ ಏರಿಸಿತು. ಮಾಸ್ಕೋ ಷೇರುಪೇಟೆಯಲ್ಲಿ ವಹಿವಾಟು ನಿಂತಿತು, ಮತ್ತೆ ಶುರುವಾದದ್ದು ಮಾರ್ಚ್ 24ಕ್ಕೆ. ಎಟಿಎಂಗಳ ಮುಂದೆ ಜನ ಸಾಲು ನಿಂತಿದ್ದರು. ಯಾಕೆಂದರೆ ಅದರ ಹಿಂದಿನ ಎರಡು ದಿನಗಳಲ್ಲಿ ಅಮೆರಿಕ, ಯುರೋಪಿನ ಒಕ್ಕೂಟ ಮತ್ತು ಅವರ ಜೊತೆಗಿನ ದೇಶಗಳು ಸೇರಿ, ರಷ್ಯಾದ ಕೇಂದ್ರ ಬ್ಯಾಂಕ್ ಹೊರದೇಶಗಳಲ್ಲಿ ಇಟ್ಟಿದ್ದ ದುಡ್ಡನ್ನು ಆ ಬ್ಯಾಂಕೇ ಮುಟ್ಟಲಾಗದ ಹಾಗೆ ಮಾಡಿದ್ದವು. ಸಣ್ಣ ಮೊತ್ತ ಅಲ್ಲ, ಸುಮಾರು 30 ಸಾವಿರ ಕೋಟಿ ಡಾಲರ್. ಆ ದೇಶದ ಒಟ್ಟು ಮೀಸಲಿನಲ್ಲಿ ಹತ್ತಿರಹತ್ತಿರ ಅರ್ಧ.

ಇಷ್ಟಾದ ಮೇಲೆ ಆ ಆರ್ಥಿಕತೆ ಕುಸಿದೇ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡರು. ಆ ವರ್ಷದ ಏಪ್ರಿಲ್‌ನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹಾಕಿದ ಅಂದಾಜು, ರಷ್ಯಾದ ಜಿಡಿಪಿ, ಅಂದರೆ ದೇಶದ ವರ್ಷದ ಒಟ್ಟು ಉತ್ಪಾದನೆ, ಶೇ 8.5ರಷ್ಟು ಕುಗ್ಗುತ್ತದೆ ಎಂದು. ನಿಜವಾಗಿ ಕುಗ್ಗಿದ್ದು ಶೇ 1ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2023ರಲ್ಲಿ ಶೇ 3.5ಕ್ಕೂ ಮೇಲೆ ಬೆಳೆಯಿತು. 2024ರಲ್ಲಿ ಶೇ 4 ದಾಟಿತು. ಹಾಗಾದರೆ ನಿರ್ಬಂಧಗಳು ಸೋತವು ಎಂದು ಒಂದು ಗುಂಪು ಹೇಳಿತು. ಇನ್ನೂ ಸ್ವಲ್ಪ ಕಾಯಿರಿ, ಬೀಳುತ್ತದೆ ಎಂದು ಇನ್ನೊಂದು ಗುಂಪು ಹೇಳುತ್ತಲೇ ಇದೆ. ಈ ಜಗಳದಲ್ಲಿ ಒಂದು ಪ್ರಶ್ನೆ ಕಳೆದುಹೋಗಿದೆ ಎಂದು ನನಗೆ ಅನಿಸುತ್ತದೆ. ದೇಶ ತಡೆದುಕೊಂಡಿತು, ಸರಿ. ಯಾರ ದುಡ್ಡಿನಿಂದ? ಯಾರ ದುಡಿಮೆಯಿಂದ? ಅದನ್ನು ನೋಡದೆ ಸುಮ್ನೆ ಜಿಡಿಪಿ ಹಿಡಿದು ಮಾತಾಡಿದರೆ ಏನೂ ತಿಳಿಯುವುದಿಲ್ಲ.

ಮೊದಲ ತಿಂಗಳಲ್ಲಿ ಆದದ್ದನ್ನು ನೋಡಿ. ಎಲ್ವಿರಾ ನಬಿಯುಲಿನಾ 2013ರಿಂದ ಆ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆ. ಬಡ್ಡಿ ಏರಿಸಿದ್ದರ ಜೊತೆಗೆ ಇನ್ನೂ ಕೆಲವು ಬೀಗ ಬಿದ್ದವು. ರಫ್ತು ಮಾಡುವ ಕಂಪನಿಗಳು ತಮಗೆ ಬಂದ ವಿದೇಶಿ ಹಣದಲ್ಲಿ ಶೇ 80ನ್ನು ಮಾರಿ ರೂಬಲ್ ತಗೊಳ್ಳಲೇಬೇಕು. ಡಾಲರ್ ಖಾತೆ ಇದ್ದವರು 10 ಸಾವಿರ ಡಾಲರ್‌ವರೆಗೆ ಮಾತ್ರ ಡಾಲರ್ ರೂಪದಲ್ಲಿ ತೆಗೆಯಬಹುದು, ಉಳಿದದ್ದು ರೂಬಲ್‌ನಲ್ಲೇ. ಮಾರ್ಚ್‌ನಲ್ಲಿ ಡಾಲರ್‌ಗೆ 120 ರೂಬಲ್ ಆಗಿದ್ದದ್ದು ಜೂನ್ ಹೊತ್ತಿಗೆ 50-55ಕ್ಕೆ ಬಂತು, ಅಂದರೆ ಯುದ್ಧಕ್ಕೆ ಮುಂಚೆ ಇದ್ದದ್ದಕ್ಕಿಂತ ರೂಬಲ್ ಗಟ್ಟಿ. ಅಲ್ಲಿನ ಟಿವಿಗಳಲ್ಲಿ ಇದನ್ನು ಗೆಲುವು ಎಂದು ತೋರಿಸಿದರು. ಆದರೆ ಆ ಗಟ್ಟಿತನ ಎಲ್ಲಿಂದ ಬಂತು? ಡಾಲರ್ ಕೊಳ್ಳಲು ಜನರನ್ನು ಬಿಡಲಿಲ್ಲ. ಹೊರಗಿನಿಂದ ಸಾಮಾನು ತರಿಸುವುದು ಕುಸಿದಿತ್ತು, ಹಾಗಾಗಿ ಕಂಪನಿಗಳಿಗೂ ಡಾಲರ್ ಬೇಕಾಗಲಿಲ್ಲ. ಇನ್ನೊಂದು ಕಡೆ ಯುದ್ಧದ ಭಯಕ್ಕೇ ತೈಲದ ಬೆಲೆ ಏರಿ ದುಡ್ಡು ಹರಿದು ಬರುತ್ತಿತ್ತು. ಕೊಳ್ಳುವವರೇ ಇಲ್ಲದ ಮಾರುಕಟ್ಟೆಯಲ್ಲಿ ಡಾಲರ್ ಅಗ್ಗವಾಯಿತು. ಕರೆನ್ಸಿಯ ದರ ನೋಡಿ ದೇಶದ ಆರೋಗ್ಯ ಹೇಳುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಇಷ್ಟು ಬೇಗ ಸಾವರಿಸಿಕೊಳ್ಳಲು ಇನ್ನೊಂದು ಕಾರಣ ಇದೆ. ತಯಾರಿ 2014ರಲ್ಲೇ ಶುರುವಾಗಿತ್ತು. ಉಕ್ರೇನಿನ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ ಮೊದಲ ಸುತ್ತಿನ ನಿರ್ಬಂಧ ಬಂತು, ಕೆಲವು ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್‌ಗಳು ಕೆಲಸ ನಿಲ್ಲಿಸಿದವು. ಆ ಪೆಟ್ಟಿನಿಂದ ಅವರು ಪಾಠ ಕಲಿತರು. ದೇಶದ ಒಳಗೆ ಯಾವ ಕಾರ್ಡ್ ಉಜ್ಜಿದರೂ ಅದರ ಲೆಕ್ಕ ದೇಶದೊಳಗಿನ ವ್ಯವಸ್ಥೆಯಲ್ಲೇ ಆಗಬೇಕು ಎಂದು ಮಾಡಿದರು, ಮೀರ್ ಎಂಬ ತಮ್ಮದೇ ಕಾರ್ಡ್ ತಂದರು, ಸ್ವಿಫ್ಟ್ ಎಂಬ ಜಾಗತಿಕ ಜಾಲಕ್ಕೆ ಬದಲಾಗಿ ಬ್ಯಾಂಕುಗಳ ನಡುವೆ ಸಂದೇಶ ಕಳಿಸುವ ತಮ್ಮದೇ ಜಾಲ ಕಟ್ಟಿಕೊಂಡರು. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಹೊರಟುಹೋದಾಗ ಏನಾಯಿತು ಗೊತ್ತಾ? ರಷ್ಯಾದ ಒಳಗೆ ಆ ಕಾರ್ಡುಗಳು ಮೊದಲಿನ ಹಾಗೇ ನಡೆದವು. ದಿನಸಿ ಅಂಗಡಿಗೆ ಹೋದವರಿಗೆ ವ್ಯತ್ಯಾಸ ಕಾಣಲೇ ಇಲ್ಲ. ಗಡಿ ದಾಟಿ ಹೋದವರ ಕೈಯಲ್ಲಿ ಮಾತ್ರ ಅವು ಬರೀ ಪ್ಲಾಸ್ಟಿಕ್ ತುಂಡು. ನಿರ್ಬಂಧವನ್ನು ಸ್ವಲ್ಪಸ್ವಲ್ಪವಾಗಿ, ವರ್ಷಗಟ್ಟಲೆ ಎಳೆದು ಹಾಕಿದರೆ ಎದುರಿನವರಿಗೆ ಅಭ್ಯಾಸ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಇನ್ನು ತೈಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇಡೀ ಕಥೆಯ ನಡುಮನೆ ಇದೇ.

ರಷ್ಯಾದ ತೈಲವನ್ನು ಜಗತ್ತು ಒಂದೇ ಸಲಕ್ಕೆ ಬಿಟ್ಟುಬಿಟ್ಟರೆ ಎಲ್ಲ ಕಡೆ ಪೆಟ್ರೋಲ್ ಬೆಲೆ ಆಕಾಶಕ್ಕೆ ಏರುತ್ತದೆ. ಅದು ಪಶ್ಚಿಮದ ಸರ್ಕಾರಗಳಿಗೂ ಬೇಡವಾಗಿತ್ತು. ಹಾಗಾಗಿ 2022ರ ಡಿಸೆಂಬರ್ 5ರಿಂದ ಒಂದು ಬೇರೆ ಥರದ ನಿಯಮ ಬಂತು. ಸಮುದ್ರದ ಮೇಲೆ ಹೋಗುವ ರಷ್ಯಾದ ಕಚ್ಚಾ ತೈಲವನ್ನು ಬ್ಯಾರೆಲ್‌ಗೆ 60 ಡಾಲರ್‌ಗಿಂತ ಜಾಸ್ತಿಗೆ ಮಾರಿದರೆ, ಆ ಹಡಗಿಗೆ ಜಿ7 (ಅಮೆರಿಕ ಸೇರಿ ಏಳು ಶ್ರೀಮಂತ ದೇಶಗಳ ಗುಂಪು) ಮತ್ತು ಯುರೋಪಿನ ಕಂಪನಿಗಳು ವಿಮೆ ಮಾಡಬಾರದು, ಸಾಗಣೆ ಸೇವೆ ಕೊಡಬಾರದು. ತೈಲ ಹರಿಯಬೇಕು, ಲಾಭ ಮಾತ್ರ ಇಳಿಯಬೇಕು, ಇದು ಆಸೆ. ರಷ್ಯಾ ಏನು ಮಾಡಿತು? ಶ್ಯಾಡೋ ಫ್ಲೀಟ್ ಎಂದು ಕರೆಯುತ್ತಾರಲ್ಲ, ಹಳೇ ಟ್ಯಾಂಕರ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಒಟ್ಟುಮಾಡಿತು. ಮಾಲೀಕರು ಯಾರು ಎಂದು ತಿಳಿಯದ, ಆಗಾಗ ಬಾವುಟ ಬದಲಿಸುವ, ನೆಟ್ಟಗೆ ವಿಮೆ ಇಲ್ಲದ ಹಡಗುಗಳು. ಅವುಗಳಲ್ಲಿ ಒಂದು ಒಡೆದರೂ ಯಾವುದೋ ಕರಾವಳಿಯ ಮೀನುಗಾರರು ಅದರ ಬೆಲೆ ತೆರಬೇಕು, ಯುದ್ಧ ಶುರುಮಾಡಿದವರಲ್ಲ. ಈ ಅಪಾಯದ ಬಗ್ಗೆ ಎರಡೂ ಕಡೆಯವರು ಕಡಿಮೆ ಮಾತಾಡುತ್ತಾರೆ, ಅದು ನನಗೆ ನೋವಿನ ವಿಷಯ.

ತೈಲಕ್ಕೆ ಹೊಸ ಗಿರಾಕಿಗಳು ಸಿಕ್ಕರು. ಯುದ್ಧಕ್ಕೆ ಮುಂಚೆ ಭಾರತ ತರಿಸುತ್ತಿದ್ದ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ಕ್ಕಿಂತ ಕಡಿಮೆ. 2023ರ ಹೊತ್ತಿಗೆ ಮೂರನೇ ಒಂದು ಭಾಗಕ್ಕೂ ಜಾಸ್ತಿ. ಚೀನಾ ಕೂಡ ಜಾಸ್ತಿ ಕೊಂಡಿತು. ಮೊದಮೊದಲು ರಷ್ಯಾ, ಜಗತ್ತು ಅಳತೆಗೋಲಾಗಿ ಬಳಸುವ ಬ್ರೆಂಟ್ ತೈಲದ ಬೆಲೆಗಿಂತ 30 ಡಾಲರ್‌ನಷ್ಟು ಕಡಿಮೆಗೆ ಕೊಡಬೇಕಾಯಿತು. ಮಾಲು ನಿಲ್ಲಲಿಲ್ಲ, ದಾರಿ ಬದಲಾಯಿತು, ದಾರಿ ಉದ್ದವಾಯಿತು, ದಾರಿಯುದ್ದಕ್ಕೂ ದಲ್ಲಾಳಿಗಳು ಹುಟ್ಟಿಕೊಂಡರು.

ಮಾರಿದ ಮೇಲೆ ದುಡ್ಡು ತಗೊಳ್ಳುವುದು ಇನ್ನೊಂದು ಫಜೀತಿ. 2023ರ ಮೇ ತಿಂಗಳಲ್ಲಿ ಗೋವಾದ ಸಭೆಗೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್ ಅವರೇ ಇದನ್ನು ಬಾಯಿಬಿಟ್ಟು ಹೇಳಿದರು. ಭಾರತದ ಬ್ಯಾಂಕುಗಳಲ್ಲಿ ತಮ್ಮ ನೂರಾರು ಕೋಟಿ ರೂಪಾಯಿ ಕೂಡಿಬಿದ್ದಿದೆ, ಅದನ್ನು ಬಳಸಲು ಬೇರೆ ಕರೆನ್ಸಿಗೆ ಬದಲಿಸಬೇಕು ಎಂದು. ರಷ್ಯಾ ಭಾರತಕ್ಕೆ ಮಾರುವುದು ಜಾಸ್ತಿ, ಭಾರತದಿಂದ ಕೊಳ್ಳುವುದು ತೀರಾ ಕಡಿಮೆ. ಕೈಗೆ ಬಂದ ರೂಪಾಯಿಯಲ್ಲಿ ಏನು ಕೊಳ್ಳುವುದು? ಡಾಲರ್ ಎಂಬುದು ಯಾಕೆ ಅಷ್ಟು ಅನುಕೂಲ ಎಂದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಚೀನಾದ ಕಡೆಯೂ ಎಲ್ಲ ಸಲೀಸಾಗಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಅಮೆರಿಕ, ರಷ್ಯಾದ ಸೇನಾ ಕೈಗಾರಿಕೆಗೆ ನೆರವಾಗುವ ಯಾವ ದೇಶದ ಬ್ಯಾಂಕನ್ನಾದರೂ ಶಿಕ್ಷಿಸುತ್ತೇವೆ ಎಂದು ಆದೇಶ ಹೊರಡಿಸಿತು. ಅದಾದ ಮೇಲೆ ಚೀನಾದ ಬ್ಯಾಂಕುಗಳೇ ರಷ್ಯಾದ ಪಾವತಿಗಳನ್ನು ತಡೆದು, ಕಾಗದ ಕೇಳಿ, ವಾರಗಟ್ಟಲೆ ಕೂರಿಸಿದವು. ಹಡಗು ಹಿಡಿಯುವುದಕ್ಕಿಂತ ಬ್ಯಾಂಕ್ ಮ್ಯಾನೇಜರ್‌ಗೆ ಹೆದರಿಕೆ ಹುಟ್ಟಿಸುವುದು ಸುಲಭ. ನಿರ್ಬಂಧಗಳಲ್ಲಿ ನಿಜವಾಗಿ ಕಚ್ಚುವುದು ಈ ಹೆದರಿಕೆಯೇ.

ಗ್ಯಾಸ್‌ಗೆ ತೈಲದ ಅನುಕೂಲ ಇಲ್ಲ. ತೈಲವನ್ನು ಹಡಗಿಗೆ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಗ್ಯಾಸ್ ಪೈಪು ಯಾವ ಕಡೆಗೆ ಹಾಕಿದೆಯೋ ಆ ಕಡೆಗೇ. ರಷ್ಯಾದ ದೊಡ್ಡ ಪೈಪುಗಳಲ್ಲಿ ಹೆಚ್ಚಿನವು ಯುರೋಪಿಗೆ ಹೋಗಿದ್ದವು. 2022ರಲ್ಲಿ ಯುರೋಪಿಗೆ ಹೋಗುವ ಗ್ಯಾಸನ್ನು ಬಹುಮಟ್ಟಿಗೆ ನಿಲ್ಲಿಸಿ ಬಗ್ಗಿಸಲು ನೋಡಿದರು. ಯುರೋಪು ಒದ್ದಾಡಿತು, ದುಬಾರಿ ಬೆಲೆ ಕೊಟ್ಟು ಬೇರೆ ಕಡೆಯಿಂದ ತರಿಸಿತು, ಬಾಗಲಿಲ್ಲ. 2023ರಲ್ಲಿ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಸುಮಾರು 62,900 ಕೋಟಿ ರೂಬಲ್ ನಷ್ಟ ತೋರಿಸಿತು, 1999ರ ನಂತರ ಮೊದಲ ಸಲ.

ಸಾಮಾನುಗಳ ವಿಷಯಕ್ಕೆ ಬರೋಣ. 2022ರ ಮೇನಲ್ಲಿ ರೆನೊ ಕಂಪನಿ ಲಾಡಾ ಕಾರು ಮಾಡುವ ಅವ್ತೋವಾಜ್‌ನಲ್ಲಿದ್ದ ತನ್ನ ಪಾಲನ್ನು ಹೆಸರಿಗೆ ಮಾತ್ರದ ಬೆಲೆಗೆ ಬಿಟ್ಟುಕೊಟ್ಟು ಹೊರಟಿತು. ಬಿಡಿಭಾಗ ಇಲ್ಲ. ಸರ್ಕಾರ ಸುರಕ್ಷತೆಯ ನಿಯಮ ಸಡಿಲಿಸಿತು. ಆ ಬೇಸಿಗೆಯಲ್ಲಿ ಕಾರ್ಖಾನೆಯಿಂದ ಏರ್‌ಬ್ಯಾಗ್ ಇಲ್ಲದ, ಎಬಿಎಸ್ ಬ್ರೇಕ್ ಇಲ್ಲದ ಲಾಡಾ ಗ್ರಾಂಟಾ ಹೊರಬಂತು. ಮಾಸ್ಕೋದಲ್ಲಿ ರೆನೊ ಬಿಟ್ಟುಹೋದ ಕಾರ್ಖಾನೆಯಲ್ಲಿ ಸೋವಿಯತ್ ಕಾಲದ ಮಾಸ್ಕ್‌ವಿಚ್ ಹೆಸರಿನಲ್ಲಿ ಚೀನಾದ ಜೆಎಸಿ ಕಾರಿನ ಬಿಡಿಭಾಗ ಜೋಡಿಸಿ ಮಾರಿದರು. ಕಂಪನಿಯ ಒಪ್ಪಿಗೆ ಇಲ್ಲದೆ ಮೂರನೇ ದೇಶಗಳಿಂದ ಮಾಲು ತರಿಸುವುದನ್ನು ಕಾನೂನುಬದ್ಧ ಮಾಡಿದರು. ವಿಮಾನಗಳದ್ದು ಇನ್ನೂ ಗಂಭೀರ. ಹೊರದೇಶದ ಕಂಪನಿಗಳಿಂದ ಲೀಸ್‌ಗೆ ತಂದಿದ್ದ ನೂರಾರು ಬೋಯಿಂಗ್, ಏರ್‌ಬಸ್‌ಗಳನ್ನು ವಾಪಸ್ ಕೊಡದೆ ರಷ್ಯಾದಲ್ಲೇ ನೋಂದಾಯಿಸಿಕೊಂಡರು, ಕೆಲವು ವಿಮಾನಗಳನ್ನು ಬಿಚ್ಚಿ ಅವುಗಳ ಭಾಗಗಳನ್ನು ಉಳಿದವಕ್ಕೆ ಹಾಕಿದರು.

ಜಿಡಿಪಿ ಲೆಕ್ಕದಲ್ಲಿ ಏರ್‌ಬ್ಯಾಗ್ ಇಲ್ಲದ ಕಾರೂ ಒಂದು ಕಾರೇ. ಅಪಘಾತ ಆದ ದಿನ ಒಳಗೆ ಕೂತವರಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುತ್ತದೆ. ಲೆಕ್ಕಕ್ಕೆ ಸಿಗದ ಇಂಥ ಇಳಿಕೆಗಳು ಎಷ್ಟೋ ಇವೆ, ಅವು ನಿಧಾನಕ್ಕೆ ಕೂಡುತ್ತಾ ಹೋಗುತ್ತವೆ.

ಆದರೂ ಬೆಳವಣಿಗೆ ಎಲ್ಲಿಂದ ಬಂತು? ಸರ್ಕಾರ ಯುದ್ಧಕ್ಕೆ ಸುರಿದ ದುಡ್ಡಿನಿಂದ. 2025ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 13.5 ಲಕ್ಷ ಕೋಟಿ ರೂಬಲ್, ಕೇಂದ್ರ ಸರ್ಕಾರದ ಒಟ್ಟು ಖರ್ಚಿನಲ್ಲಿ ಸುಮಾರು ಮೂರನೇ ಒಂದು ಪಾಲು. ಕಾರ್ಖಾನೆಯಲ್ಲಿ ಒಂದು ಟ್ರ್ಯಾಕ್ಟರ್ ಮಾಡಿದರೆ ಅದು ಹೊಲಕ್ಕೆ ಹೋಗಿ ಇನ್ನೂ ಹತ್ತಾರು ವರ್ಷ ಏನಾದರೂ ಬೆಳೆಯುತ್ತದೆ. ಟ್ಯಾಂಕ್ ಮಾಡಿದರೂ ಜಿಡಿಪಿಗೆ ಅಷ್ಟೇ ಸೇರುತ್ತದೆ, ಆದರೆ ಅದು ಮುಂದಿನ ತಿಂಗಳು ಉಕ್ರೇನಿನ ಡೊನೆಟ್ಸ್ಕ್‌ನ ಯಾವುದೋ ಬಯಲಲ್ಲಿ ಸುಟ್ಟು ನಿಲ್ಲುತ್ತದೆ. ಸಂಬಳ ಕೊಟ್ಟದ್ದು ನಿಜ, ಉಕ್ಕು ಕೊಂಡದ್ದು ನಿಜ, ಉಳಿದದ್ದು ಏನೂ ಇಲ್ಲ. ಬಿತ್ತನೆಗೆ ಎತ್ತಿಟ್ಟ ಕಾಳನ್ನು ಅಡುಗೆಗೆ ಹಾಕಿದ ಮನೆಯಲ್ಲೂ ಆ ವರ್ಷ ಊಟ ಚೆನ್ನಾಗಿಯೇ ಇರುತ್ತದೆ. ತೈಲದ ಒಳ್ಳೆಯ ಕಾಲದಲ್ಲಿ ಕೂಡಿಟ್ಟಿದ್ದ ರಾಷ್ಟ್ರೀಯ ನಿಧಿಯಲ್ಲಿ ತಕ್ಷಣ ಖರ್ಚಿಗೆ ಸಿಗುವ ಭಾಗ 2024ರ ಕೊನೆಗೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಕೆಲಸಗಾರರ ಕಥೆ ಕೇಳಿ. 2024ರಲ್ಲಿ ಅಲ್ಲಿ ನಿರುದ್ಯೋಗ ಶೇ 2.3ರ ಆಸುಪಾಸು. ಕೇಳಲು ಎಷ್ಟು ಚೆಂದ ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಜನರನ್ನು ಸೇನೆಗೆ ಕರೆದರು. ಲಕ್ಷಾಂತರ ಮಂದಿ, ಅದರಲ್ಲೂ ಓದಿದ ಯುವಕರು, ದೇಶ ಬಿಟ್ಟರು. ಸತ್ತವರು, ಕೈಕಾಲು ಕಳೆದುಕೊಂಡವರು ಬೇರೆ. ಉಳಿದವರನ್ನು ಮದ್ದುಗುಂಡಿನ ಕಾರ್ಖಾನೆಗಳು ಜಾಸ್ತಿ ಸಂಬಳ ಕೊಟ್ಟು ಎಳೆದುಕೊಂಡವು. ಆಗ ಕೋಳಿ ಸಾಕಣೆಗೆ, ಬಸ್ ಓಡಿಸಲು, ಬೇಕರಿಗೆ ಜನ ಎಲ್ಲಿ ಸಿಗುತ್ತಾರೆ? ಕೈಯಲ್ಲಿ ದುಡ್ಡು ಜಾಸ್ತಿ, ಅಂಗಡಿಯಲ್ಲಿ ಮಾಲು ಕಡಿಮೆ. ಬೆಲೆ ಏರಿತು. 2023ರ ಡಿಸೆಂಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಪಿಂಚಣಿದಾರ ಮಹಿಳೆಯೊಬ್ಬರು ಮೊಟ್ಟೆಯ ಬೆಲೆ ಬಗ್ಗೆ ಕೇಳಿದಾಗ ಪುಟಿನ್ ಕ್ಷಮೆ ಕೇಳಬೇಕಾಯಿತು. ಮೊಟ್ಟೆಯನ್ನು ಟರ್ಕಿ, ಅಜರ್‌ಬೈಜಾನ್‌ನಿಂದ ತರಿಸಿದರು. ಬೆಲೆ ಹಿಡಿಯಲು ಕೇಂದ್ರ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ 21ಕ್ಕೆ ಒಯ್ದಿತು, ಯುದ್ಧ ಶುರುವಾದ ವಾರಕ್ಕಿಂತಲೂ ಜಾಸ್ತಿ. ಯುದ್ಧದ ಕಾರ್ಖಾನೆಗೆ ಸರ್ಕಾರದ ಆಸರೆ ಇರುತ್ತದೆ. ಮನೆ ಕಟ್ಟಬೇಕೆಂದವನು, ಸಣ್ಣ ಗ್ಯಾರೇಜ್ ಇಡಬೇಕೆಂದವನು ಆ ಬಡ್ಡಿಗೆ ಸಾಲ ಎತ್ತಲು ಸಾಧ್ಯವಾ?

ನನ್ನನ್ನು ತುಂಬಾ ಕಾಡುವುದು ಇನ್ನೊಂದು ಲೆಕ್ಕ. 2024ರ ಜುಲೈನಲ್ಲಿ ಮಾಸ್ಕೋ ನಗರ, ಸೇನೆಗೆ ಸಹಿ ಹಾಕಿದವರಿಗೆ ಒಂದೇ ಗಂಟಿನಲ್ಲಿ 19 ಲಕ್ಷ ರೂಬಲ್ ಕೊಡುವುದಾಗಿ ಹೇಳಿತು. ಆ ದೇಶದ ಸರಾಸರಿ ಸಂಬಳದಲ್ಲಿ ಒಂದೂವರೆ ವರ್ಷಕ್ಕೂ ಮೀರಿದ ದುಡಿಮೆ ಅದು. ಸತ್ತರೆ ಮನೆಯವರಿಗೆ 50 ಲಕ್ಷ ರೂಬಲ್, ಅದರ ಮೇಲೆ ವಿಮೆ. ದೂರದ ಬಡ ಪ್ರಾಂತ್ಯಗಳಲ್ಲಿ ಕೆಲವು ಮನೆಗಳು ಸಾಲ ತೀರಿಸಿಕೊಂಡದ್ದು, ಮನೆ ಕೊಂಡದ್ದು ಈ ದುಡ್ಡಿನಿಂದ. ಇದೂ ಜಿಡಿಪಿಯಲ್ಲಿ ಬೇಡಿಕೆ ಎಂದು ಬರುತ್ತದೆ. ಒಬ್ಬ ತಂದೆ, ಒಬ್ಬ ಮಗ ಹೋದದ್ದರಿಂದ ಬಂದ ದುಡ್ಡನ್ನು ಬೆಳವಣಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

2025ರಲ್ಲಿ ಆ ಓಟದ ಉಸಿರು ಕಟ್ಟಿತು. ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಆರ್ಥಿಕ ಸಭೆಯಲ್ಲಿ ಅಲ್ಲಿನ ಆರ್ಥಿಕ ಸಚಿವ ಮ್ಯಾಕ್ಸಿಂ ರೆಶೆಟ್ನಿಕೊವ್, ದೇಶ ಹಿಂಜರಿತದ ಅಂಚಿಗೆ ಬಂದಿದೆ ಎಂಬರ್ಥದ ಮಾತಾಡಿದರು. ವರ್ಷದ ಬೆಳವಣಿಗೆ ಶೇ 1ರ ಹತ್ತಿರಕ್ಕೆ ಇಳಿಯಿತು. 2026ರ ಜನವರಿಯಿಂದ ವ್ಯಾಟ್ ಶೇ 20ರಿಂದ 22ಕ್ಕೆ ಏರಿತು. ಉಳಿತಾಯ ಕರಗಿದ ಮೇಲೆ ಖರ್ಚು ಬರಬೇಕಾದದ್ದು ಜನರ ಜೇಬಿನಿಂದಲೇ.

ಎಲ್ಲ ದೇಶಗಳೂ ರಷ್ಯಾದ ಹಾಗೆ ತಡೆದುಕೊಳ್ಳುವುದಿಲ್ಲ. 1992ರ ಮೇನಲ್ಲಿ ವಿಶ್ವಸಂಸ್ಥೆ ಯುಗೊಸ್ಲಾವಿಯಾದ ಮೇಲೆ ನಿರ್ಬಂಧ ಹಾಕಿತು. ಅಲ್ಲಿನ ಸರ್ಕಾರ ನೋಟು ಅಚ್ಚುಹಾಕಿ ಯುದ್ಧ, ಸಂಬಳ ಎಲ್ಲ ನಡೆಸಲು ಹೋಯಿತು. 1993ರ ಕೊನೆಗೆ 50 ಸಾವಿರ ಕೋಟಿ ದಿನಾರ್‌ನ ಒಂದು ನೋಟು ಬಂತು. 1994ರ ಜನವರಿ ಒಂದೇ ತಿಂಗಳಲ್ಲಿ ಹಣದುಬ್ಬರ ಶೇಕಡಾ 31 ಕೋಟಿ ದಾಟಿತು. ಬೆಳಗ್ಗೆ ಬಂದ ಪಿಂಚಣಿಗೆ ಸಂಜೆ ಬೆಲೆ ಇಲ್ಲ. ಕೊನೆಗೆ ದ್ರಾಗೊಸ್ಲಾವ್ ಅವ್ರಾಮೊವಿಚ್ ಎಂಬ ಹಿರಿಯ ಅರ್ಥಶಾಸ್ತ್ರಜ್ಞರು ಹೊಸ ದಿನಾರ್ ತಂದು ಜರ್ಮನ್ ಮಾರ್ಕ್‌ಗೆ ಒಂದಕ್ಕೊಂದು ಕಟ್ಟಿ, ಅಚ್ಚುಯಂತ್ರ ನಿಲ್ಲಿಸಿದ ಮೇಲೆ ಬೆಲೆ ನಿಂತಿತು. ನಿರ್ಬಂಧ ಮಾತ್ರ ಆಗಲೂ ಇತ್ತು! ಆ ದುರಂತದಲ್ಲಿ ಹೊರಗಿನ ಏಟಿಗಿಂತ ಒಳಗಿನ ತಪ್ಪೇ ದೊಡ್ಡದು ಎಂದು ನಾನು ಹೇಳುವುದು ಅದಕ್ಕೇ.

ಪಕ್ಕದ ಮನೆಯವರು ಹೇಗಿದ್ದಾರೆ ಎಂಬುದೂ ಮುಖ್ಯ. 1965ರಲ್ಲಿ ರೊಡೇಶಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಾಗ ನಿರ್ಬಂಧ ಬಂತು. ಆದರೂ ಹತ್ತು ವರ್ಷ ಆರಾಮವಾಗಿಯೇ ನಡೆಯಿತು. ಒಂದು ಕಡೆ ದಕ್ಷಿಣ ಆಫ್ರಿಕಾ, ಇನ್ನೊಂದು ಕಡೆ ಪೋರ್ಚುಗೀಸರ ಮೊಜಾಂಬಿಕ್ ಬಾಗಿಲು ತೆರೆದಿದ್ದವು. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾಗಿ ಮರುವರ್ಷ ಗಡಿ ಮುಚ್ಚಿದ ಮೇಲೆ ಉಸಿರಾಟ ಕಷ್ಟವಾಯಿತು.

ಇರಾಕ್ ಮತ್ತು ಇರಾನ್ ಬಗ್ಗೆ ಹೇಳದೆ ಮುಂದೆ ಹೋದರೆ ಅನ್ಯಾಯ. 1990ರ ಆಗಸ್ಟ್‌ನಲ್ಲಿ ಇರಾಕ್ ಮೇಲೆ ಬಿದ್ದ ನಿರ್ಬಂಧ ಹತ್ತಿರಹತ್ತಿರ 13 ವರ್ಷ ನಡೆಯಿತು. ಹಿಟ್ಟು, ಅಕ್ಕಿ, ಸಕ್ಕರೆ, ಎಣ್ಣೆ, ಟೀ ಪುಡಿಗೆ ಜನ ಸರ್ಕಾರದ ಪಡಿತರವನ್ನೇ ನೆಚ್ಚಬೇಕಾಯಿತು. ಸದ್ದಾಂ ಹುಸೇನ್‌ನ ಕೈಯಿಂದಲೇ ಊಟ ಬರಬೇಕು ಎಂದಾದ ಮೇಲೆ ಜನ ಅವನ ವಿರುದ್ಧ ಹೇಗೆ ನಿಲ್ಲುತ್ತಾರೆ? ಇರಾನ್‌ನಲ್ಲಿ ಔಷಧಿಗೆ ನಿರ್ಬಂಧ ಇಲ್ಲ, ಕಾಗದದ ಮೇಲೆ. ಆದರೆ ಆ ಔಷಧಿಯ ದುಡ್ಡು ಕಳಿಸಲು ಬ್ಯಾಂಕುಗಳು ಒಪ್ಪಬೇಕಲ್ಲ? ಅವು ಹೆದರಿ ಕೈತೊಳೆದುಕೊಂಡವು. ಕ್ಯಾನ್ಸರ್ ರೋಗಿಗೆ ಮಾತ್ರೆ ಸಿಗಲಿಲ್ಲ. ಅಮೆರಿಕ ಮತ್ತಿತರ ದೇಶಗಳ ಜೊತೆಗಿನ 2015ರ ಪರಮಾಣು ಒಪ್ಪಂದದ ಹೊತ್ತಿಗೆ ಡಾಲರ್‌ಗೆ 30 ಸಾವಿರ ಚಿಲ್ಲರೆ ಇದ್ದ ರಿಯಾಲ್, 2025ರಲ್ಲಿ 10 ಲಕ್ಷ ದಾಟಿತು. ದುಡ್ಡಿದ್ದವರು ಡಾಲರ್, ಚಿನ್ನ ಇಟ್ಟುಕೊಂಡು ಬದುಕಿದರು. ಸಂಬಳ ನೆಚ್ಚಿದವರು ಮುಳುಗಿದರು.

ಮಾತಿನ ನಂತರ ಒಬ್ಬರು ಕೇಳಿದರು, ಹಾಗಾದರೆ ನಿರ್ಬಂಧ ಹಾಕುವುದೇ ತಪ್ಪಾ ಎಂದು. ತಪ್ಪು ಎಂದು ನಾನು ಹೇಳುವುದಿಲ್ಲ. ಒಂದು ದೇಶ ಇನ್ನೊಂದರ ಮೇಲೆ ನುಗ್ಗಿದಾಗ ಅದರ ಜೊತೆ ಮೊದಲಿನ ಹಾಗೇ ವ್ಯಾಪಾರ ಮಾಡುತ್ತಾ ಕೂರುವುದೂ ಒಂದು ನಿಲುವೇ, ಅದು ನುಗ್ಗಿದವರ ಪರವಾದ ನಿಲುವು. ಆದರೆ ನಿರ್ಬಂಧದಿಂದ ಯುದ್ಧ ನಿಲ್ಲುತ್ತದೆ ಎಂದು ನಂಬಿಸಬೇಡಿ. ಯುದ್ಧದ ಬೆಲೆ ಏರುತ್ತದೆ, ಅಷ್ಟೇ. ಏನು ಮಾಡಿದರೆ ತೆಗೆಯುತ್ತೇವೆ ಎಂದು ಸ್ಪಷ್ಟವಾಗಿ ಹೇಳಿದಾಗ ಅದಕ್ಕೆ ಜಾಸ್ತಿ ಬಲ ಇರುತ್ತದೆ. ಇರಾನ್ 2015ರಲ್ಲಿ ಪರಮಾಣು ಒಪ್ಪಂದಕ್ಕೆ ಬಂದದ್ದು ನಿರ್ಬಂಧ ತೆಗೆಯುತ್ತಾರೆ ಎಂಬ ನಂಬಿಕೆಯಿಂದ. 2018ರಲ್ಲಿ ಅಮೆರಿಕ ಹೊರನಡೆದು ಆ ನಂಬಿಕೆಯನ್ನೇ ಮುರಿಯಿತು. ಮುಂದಿನ ಸಲ ಯಾರು ನಂಬುತ್ತಾರೆ?

ಇಷ್ಟು ಹೊತ್ತು ದಾಳಿ ಮಾಡಿದ ದೇಶದ ಬಗ್ಗೆಯೇ ಮಾತಾಡಿದೆ. ದಾಳಿಗೆ ಸಿಕ್ಕ ದೇಶದ ಆರ್ಥಿಕತೆ? 2022ರಲ್ಲಿ ಉಕ್ರೇನಿನ ಜಿಡಿಪಿ ಹೆಚ್ಚುಕಡಿಮೆ ಶೇ 29ರಷ್ಟು ಕುಸಿಯಿತು. ನಿರ್ಬಂಧ ಬಿದ್ದವರಿಗಿಂತ ಬಾಂಬು ಬಿದ್ದವರಿಗೆ ಆದ ನಷ್ಟ ಎಷ್ಟೋ ಪಟ್ಟು. ಆದರೂ ಮೊದಲ ದಿನವೇ ಅಲ್ಲಿನ ಕೇಂದ್ರ ಬ್ಯಾಂಕ್ ಡಾಲರ್‌ಗೆ 29.25 ಹ್ರಿವ್ನಿಯಾ ಎಂದು ದರವನ್ನು ಗಟ್ಟಿಮಾಡಿ, ಬ್ಯಾಂಕುಗಳ ಕೆಲಸ ನಿಲ್ಲದ ಹಾಗೆ ನೋಡಿಕೊಂಡಿತು. ರೈಲು ಓಡುತ್ತಲೇ ಇದ್ದವು. ಅಲ್ಲಿನ ಬಜೆಟ್ಟಿನ ಕ್ರಮ ಹೀಗಿದೆ: ಸ್ವಂತ ತೆರಿಗೆಯ ದುಡ್ಡು ಸೇನೆಗೆ ಹೋಗುತ್ತದೆ, ಹೊರಗಿನ ನೆರವಿನಿಂದ ಪಿಂಚಣಿ, ಮೇಷ್ಟ್ರ ಸಂಬಳ, ಆಸ್ಪತ್ರೆ ನಡೆಯುತ್ತದೆ. ನೆರವು ಒಂದೆರಡು ತಿಂಗಳು ತಡವಾದರೆ ಅಲ್ಲಿನ ಅಜ್ಜಿಯೊಬ್ಬರ ಪಿಂಚಣಿ ಅನುಮಾನಕ್ಕೆ ಬೀಳುತ್ತದೆ.

ಮೊದಲು ಹೇಳಿದ 30 ಸಾವಿರ ಕೋಟಿ ಡಾಲರ್‌ನಲ್ಲಿ ದೊಡ್ಡ ಪಾಲು ಇರುವುದು ಬ್ರಸೆಲ್ಸ್‌ನ ಯೂರೋಕ್ಲಿಯರ್ ಎಂಬ, ಬಾಂಡ್, ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆಯಲ್ಲಿ. ಅಸಲನ್ನು ಮುಟ್ಟದೆ, ಅದರಿಂದ ಬರುವ ಗಳಿಕೆಯನ್ನು ಆಧಾರ ಮಾಡಿಕೊಂಡು ಉಕ್ರೇನಿಗೆ 5 ಸಾವಿರ ಕೋಟಿ ಡಾಲರ್ ಸಾಲ ಕೊಡಲು 2024ರಲ್ಲಿ ಜಿ7 ದೇಶಗಳು ಒಪ್ಪಿದವು. ಉಕ್ರೇನನ್ನು ಮತ್ತೆ ಕಟ್ಟಲು ಮುಂದಿನ ಹತ್ತು ವರ್ಷಗಳಿಗೆ ಬೇಕಾಗುವುದು 52,400 ಕೋಟಿ ಡಾಲರ್ ಎಂದು 2025ರ ಫೆಬ್ರವರಿಯಲ್ಲಿ ವಿಶ್ವಬ್ಯಾಂಕ್, ವಿಶ್ವಸಂಸ್ಥೆ, ಯುರೋಪಿನ ಆಯೋಗ ಮತ್ತು ಉಕ್ರೇನ್ ಸರ್ಕಾರ ಸೇರಿ ಅಂದಾಜು ಹಾಕಿದ್ದವು. ತಡೆಹಿಡಿದ ಅಷ್ಟೂ ದುಡ್ಡನ್ನು ಕೊಟ್ಟುಬಿಟ್ಟರೂ 20 ಸಾವಿರ ಕೋಟಿಗಿಂತ ಜಾಸ್ತಿ ಕಡಿಮೆ ಬೀಳುತ್ತದೆ. ಅದಾದ ಮೇಲೂ ಯುದ್ಧ ನಡೆಯುತ್ತಲೇ ಇದ್ದದ್ದರಿಂದ ಆ ಮೊತ್ತ ಬೆಳೆಯುತ್ತಲೇ ಹೋಯಿತು.